ಪೀಠದ ಮೇಲಿಟ್ಟ ನೀರು

ಕಾಗದದ ಮೇಲೆ ಜೆನೋಬಿಯಾ ಗ್ಯಾಡಿಸ್ ಹುಲಿ. ನಾಲ್ಕು ಜನರೆದುರು ಬಾಯಿ ತೆರೆಯಬೇಕೆಂದರೆ ಬೆಕ್ಕಿನ ಮರಿ. ಕಾಲೇಜನ್ನು ಅರ್ಧಕ್ಕೇ ಬಿಟ್ಟು ಜ್ಯಾಕ್ಸನ್ ಪಟ್ಟಣ ಸೇರಿದವಳು ಅಲ್ಲಿನ ವಾರಪತ್ರಿಕೆಯಲ್ಲಿ ಕಪ್ಪು ಜನರ ಬಗ್ಗೆ, ಹೆಂಗಸರ ಬಗ್ಗೆ, ಓಟಿನ ಬಗ್ಗೆ ಬರೆಯುತ್ತಿದ್ದಳು. ಫೆಬ್ರವರಿ ಬಂತೆಂದರೆ, ಕಪ್ಪು ಜನರ ಚರಿತ್ರೆಯ ತಿಂಗಳೆಂದು, ಬಿಳಿಯ ಸಂಪಾದಕರೆಲ್ಲ ಫೋನು ಮಾಡಿ ಒಂದು ಕೋಪದ ಲೇಖನ ಕೇಳುತ್ತಿದ್ದರು. ಮಾರ್ಚಿನಲ್ಲಿ ಅವಳ ಕೋಪ ಯಾರಿಗೂ ಬೇಕಿರಲಿಲ್ಲ. ಇದರ ಬಗ್ಗೆಯೂ ಅವಳು ಕೋಪದಿಂದಲೇ ಬರೆದಳು. ಅದು ಮುಂದಿನ ಫೆಬ್ರವರಿಯಲ್ಲಿ ಅಚ್ಚಾಯಿತು.

ಅವಳ ಬರಹಗಳಲ್ಲಿ ಹುಟ್ಟೂರಿನವರೆಲ್ಲ ಓದಿದ್ದು ಒಂದನ್ನೇ. ಅದು ಅವರ ಬ್ಯಾಪ್ಟಿಸ್ಟ್ ಚರ್ಚಿನ ಬಗ್ಗೆ. ಅಲ್ಲಿ ಕೋಳಿ ಹುರಿಯುವವರು, ಹಾಡುವವರು, ಚುನಾವಣೆ ದಿನ ಮುದುಕರನ್ನು ಕಾರಿನಲ್ಲಿ ತುಂಬಿಕೊಂಡು ಹೋಗಿ ಓಟು ಹಾಕಿಸುವವರು ಎಲ್ಲ ಹೆಂಗಸರೇ. ಆದರೆ ಧರ್ಮಬೋಧನೆಗೆಂದಿರುವ ಪ್ರಸಂಗಪೀಠದ ಮೂರು ಮೆಟ್ಟಿಲು ಹತ್ತಿ ಮಾತಾಡುವವರು ಗಂಡಸರು. ವರ್ಷಕ್ಕೊಮ್ಮೆ ಬರುವ ಹೆಂಗಸರ ಭಾನುವಾರವೂ ಮಾತಾಡುವ ಹೆಂಗಸು ಕೆಳಗಿನ ಪುಟ್ಟ ಮೇಜಿನ ಬಳಿಯೇ ನಿಲ್ಲಬೇಕು. 'ನನ್ನನ್ನು ಕರೆಯಲಿ, ಮೇಲೆ ಹತ್ತಿಯೇ ಮಾತಾಡುತ್ತೇನೆ' ಎಂದು ಅವಳು ಬರೆದಿದ್ದಳು. ಕರೆಯುವುದಿಲ್ಲ ಎಂಬ ಧೈರ್ಯದಲ್ಲಿ ಬರೆದ ಮಾತು. ಕರೆದೇ ಬಿಟ್ಟರು.

ಆ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ಅರ್ಲೀನ್ ತನ್ನ ಬಿಳಿ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಳು.

"ಮೇಲೆ ಹತ್ತಿ ಮಾತಾಡ್ತೀಯಂತೆ?"

"ಯಾರಂದ್ರು?"

"ನೀನೇ ಬರ್ದಿದೀಯಲ್ಲೇ ನೋಬೀ! ಪಕ್ಕದ್ಮನೆ ಒಸ್ಸಿ ಅದನ್ನ ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸ್ಕೊಂಡಿದಾಳೆ."

"ಅಮ್ಮ, ಈ ದೇಶದ ಪ್ರಜಾಪ್ರಭುತ್ವನ ಪ್ರತಿ ಸಲ ಉಳಿಸಿದ್ದು ಕಪ್ಪು ಹೆಂಗಸರು. ಅಂಥವರು..."

"ಉಳಿಸಮ್ಮಾ, ಯಾರು ಬೇಡ ಅಂದ್ರು? ಹೋದ ಹಬ್ಬದಲ್ಲಿ ಪಾತ್ರೆ ರಾಶಿ ಬಿದ್ದಿತ್ತಲ್ಲ, ಆಗೆಲ್ಲಿ ಮಾಯ ಆಗಿದ್ದೆ?"

"ಲೇಖನ ಬರೀತಿದ್ದೆ."

"ಯಾವ್ದರ ಬಗ್ಗೆ?"

ಜೆನೋಬಿಯಾ ಕಾಫಿ ಲೋಟದೊಳಗೆ ನೋಡಿದಳು. "ಮನೆಗೆಲಸದಲ್ಲಿ ಹೆಂಗಸರಿಗಾಗೋ ಅನ್ಯಾಯದ ಬಗ್ಗೆ."

ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. "ಇವತ್ತು ನನ್ನ ಮರ್ಯಾದೆ ಒಂದು ತೆಗೀಬೇಡ, ಅಷ್ಟೇ."

ಜೆನೋಬಿಯಾಳಿಗೆ ದುಃಖವಾಗಬೇಕಿತ್ತು. ಆದದ್ದು ನೆಮ್ಮದಿ. ಹತ್ತದೆ ಇದ್ದರೆ ಹೆದರಿದಳು ಎನ್ನುವುದಿಲ್ಲ, ಹೆತ್ತವಳ ಮಾತು ಮೀರಲಿಲ್ಲ ಎನ್ನುತ್ತಾರೆ. ಇಷ್ಟು ಒಳ್ಳೆಯ ನೆಪ ಅವಳಿಗೆ ಬರೆಯುವಾಗಲೂ ಹೊಳೆದಿರಲಿಲ್ಲ.

ಚರ್ಚಿನ ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವ ಹೆಂಗಸರಿಗೆ ಅರ್ಲೀನಳೇ ಮುಖ್ಯಸ್ಥೆ. ಆ ಕೆಲಸದಲ್ಲಿ ಮಾತಿಲ್ಲ, ಬಿಳಿ ಕೈಗವಸಿನ ಸನ್ನೆಯಷ್ಟೇ. ತೋಳು ಚಾಚಿ ಅಂಗೈ ಮೇಲೆ ಮಾಡಿದರೆ, ಅಲ್ಲಿ ಜಾಗ ಖಾಲಿ ಇದೆ, ಹೋಗಿ ಎಂದರ್ಥ. ಅಂಗೈ ಎತ್ತಿ ಎದುರಿಗೆ ಹಿಡಿದರೆ ಪ್ರಸಂಗ ನಡೆಯುತ್ತಿದೆ, ಯಾರೂ ಕದಲಕೂಡದು. ಓಟು ಕೇಳಲು ಬಂದ ಬಿಳಿಯ ಅಭ್ಯರ್ಥಿಯೊಬ್ಬ ಪ್ರಸಂಗದ ನಡುವೆ ಎದ್ದು ಹೊರಟು, ಆ ಅಂಗೈ ಕಂಡು ತೆಪ್ಪಗೆ ಕೂತು, ಕೊನೆಯವರೆಗೂ ತಾಳ ತಪ್ಪಿ ಚಪ್ಪಾಳೆ ತಟ್ಟಿದ್ದ. ಕೆಳಗಿನ ಮೇಜಿನಿಂದ ಹೆಂಗಸರು ಮಾತಾಡುವಾಗ ಮಾತ್ರ ಆ ಅಂಗೈ ಏಳುತ್ತಿರಲಿಲ್ಲ. ಅದು ಪ್ರಸಂಗವಲ್ಲವಲ್ಲ. ಗಂಡಸರು ಹೊರಗೆ ಹೋಗಿ ಕೋಳಿ ರುಚಿ ನೋಡಿ ಬರುತ್ತಿದ್ದರು.

ಈ ಕೈಗಳ ಬಗ್ಗೆ ಜೆನೋಬಿಯಾ 'ನನ್ನ ಅಮ್ಮನ ಮೂಕ ಕೈಗಳು' ಎಂದು ಬರೆದು ಬಹುಮಾನ ಗಿಟ್ಟಿಸಿದ್ದಳು. ಓದಿದ ಅಮ್ಮ ಕೇಳಿದ್ದು ಒಂದೇ ಮಾತು: "ಮೂಕಿ ಯಾರೇ?"

ಚರ್ಚಿನಲ್ಲಿ ಅವಳ ಹೆಸರು ಕರೆದರು. ಜೆನೋಬಿಯಾ ಎದ್ದಳು. ಬಿಳಿ ಉಡುಪು, ಬಿಳಿ ಟೋಪಿಗಳ ನಡುವೆ ನಡೆದಳು. ಕಾಲುಗಳು ಅವಳನ್ನು ಒಂದು ಮಾತೂ ಕೇಳದೆ ಕೆಳಗಿನ ಮೇಜಿಗೆ ತಂದು ನಿಲ್ಲಿಸಿದವು. ಪೀಠದ ಪಕ್ಕದ ಕೆಂಪು ಕುರ್ಚಿಯಲ್ಲಿ ಪಾಸ್ಟರ್ ಕ್ರೆನ್ಷಾ ನಿರಾಳವಾಗಿ ಬೆನ್ನು ಒರಗಿಸಿದರು.

"ನೋಡಿದ್ರಾ, ಒಳ್ಳೆ ಸಂಸ್ಕಾರದ ಹುಡುಗಿ," ಎಂದಿತು ಒಂದು ಗಂಡು ದನಿ.

ಆ ಹೊಗಳಿಕೆ ಕಪಾಳಕ್ಕೆ ಹೊಡೆದಂತಾಯಿತು. ಭಾಷಣದ ಕಾಗದ ಬಿಡಿಸಿದಳು. "ಪುರುಷಪ್ರಧಾನ ವ್ಯವಸ್ಥೆಯ ಬೇರುಗಳು," ಎಂದು ಓದತೊಡಗಿದಳು. ಇಬ್ಬರು ಗಂಡಸರು ಎದ್ದು ಕೋಳಿಯ ಕಡೆ ನಡೆದರು.

"ದೇವರೇ, ಅವಳಿಗೆ ನೆರವಾಗಪ್ಪಾ!" ಎಂದು ಮುಂದಿನ ಸಾಲಿನಿಂದ ಒಸ್ಸಿ ಕೂಗಿದಳು. ಆ ಚರ್ಚಿನಲ್ಲಿ ಹಾಗೆ ಕೂಗುವುದು ಹಾಡೋ ಮಾತೋ ಕೆಟ್ಟಾಗ. ಚೆನ್ನಾಗಿ ನಡೆಯುತ್ತಿದ್ದರೆ "ಹೇಳಮ್ಮಾ!" ಎನ್ನುತ್ತಾರೆ.

ಬಾಯಿ ಒಣಗಿ ನಾಲಿಗೆ ಅಂಟಿತು. ಮಾತಾಡುವವರಿಗೆ ನೀರು ತಂದಿಡುವುದೂ ಬಾಗಿಲವರ ಕೆಲಸವೇ. ಅರ್ಲೀನ್ ಬಟ್ಟೆ ಮುಚ್ಚಿದ ಲೋಟವನ್ನು ತಟ್ಟೆಯಲ್ಲಿಟ್ಟುಕೊಂಡು ನಡುದಾರಿಯಲ್ಲಿ ಬಂದಳು. ಜೆನೋಬಿಯಾ ಕೈ ಚಾಚಿದಳು. ಅಮ್ಮ ಅವಳನ್ನು ದಾಟಿ, ಮೂರು ಮೆಟ್ಟಿಲು ಹತ್ತಿ, ಲೋಟವನ್ನು ಪೀಠದ ಮೇಲಿಟ್ಟಳು. ತನಗೇ ಇರಬೇಕೆಂದು ಪಾಸ್ಟರ್ ಕೈ ನೀಡಿದರು. ಅವಳು ಲೋಟವನ್ನು ಅವರ ಕೈಗೆಟುಕದಷ್ಟು ದೂರ ಸರಿಸಿ, ಇಳಿದು, ಬಾಗಿಲಿಗೆ ಹೋಗಿ ತಿರುಗಿ ನಿಂತಳು.

ಆಮೇಲೆ ತೋಳು ಚಾಚಿದಳು, ನೇರ ಪೀಠದ ಕಡೆಗೆ. ಅಂಗೈ ಮೇಲೆ.

ಅಲ್ಲಿ ಜಾಗ ಖಾಲಿ ಇದೆ, ಹೋಗಿ.

ಬೆಳಗಿನ ಮಾತನ್ನು ತಾನು ತನಗೆ ಬೇಕಾದಂತೆ ಓದಿಕೊಂಡಿದ್ದೆ ಎಂದು ಜೆನೋಬಿಯಾಳಿಗೆ ಆಗ ತಿಳಿಯಿತು. ಬರೆದು ಹಿಂಜರಿಯುವ ಮಗಳೇ ಅಮ್ಮನ ಪಾಲಿಗೆ ಮರ್ಯಾದೆಗೇಡು. ಇತರರ ಮನಸ್ಸಿನ ಬಗ್ಗೆ ವಾರವಾರವೂ ಬರೆಯುವವಳಿಗೆ ಹೆತ್ತವಳ ಒಂದು ಸಾಲು ಅರ್ಥವಾಗಿರಲಿಲ್ಲ.

ಎರಡನೆಯ ಮೆಟ್ಟಿಲಲ್ಲಿ ಎಡವಿದಳು. ನೀರನ್ನು ಗಟಗಟ ಕುಡಿದಳು. ಆ ಪೀಠದಿಂದ ಹೆಂಗಸೊಬ್ಬಳು ಮೊಟ್ಟಮೊದಲು ನುಡಿದದ್ದು ಒಂದು ಬಿಕ್ಕಳಿಕೆ. ಮೈಕು ಅದನ್ನು ಇಡೀ ಚರ್ಚಿಗೆ ಕೇಳಿಸಿತು.

"ಸಿಸ್ಟರ್ ಜೆನೋಬಿಯಾ," ಎನ್ನುತ್ತ ಪಾಸ್ಟರ್ ಏಳತೊಡಗಿದರು.

ಬಾಗಿಲಲ್ಲಿ ಬಿಳಿ ಅಂಗೈ ಎದ್ದಿತು. ಕೋಳಿಯ ತೊಡೆ ಹಿಡಿದು ಒಳಬರುತ್ತಿದ್ದ ಗಂಡಸರಿಬ್ಬರು ಹೊಸ್ತಿಲಲ್ಲೇ ನಿಂತರು. ಬೀಸಣಿಗೆಗಳು ನಿಂತವು. ಅರ್ಧ ಎದ್ದಿದ್ದ ಪಾಸ್ಟರ್ ಆ ಅಂಗೈಯನ್ನು ನೋಡಿದರು, ಜನರನ್ನು ನೋಡಿದರು, ಕೂತರು.

ಭಾಷಣದ ಕಾಗದಗಳು ಕೆಳಗಿನ ಮೇಜಿನ ಮೇಲೇ ಉಳಿದಿದ್ದವು. ಹೋಗಿ ತರುವಂತಿಲ್ಲ, ಯಾರೂ ಕದಲಕೂಡದು. ಅವಳಿಗೂ ಅದೇ ನಿಯಮ.

"ಹೋದ ಹಬ್ಬದಲ್ಲಿ," ಎಂದಳು ಜೆನೋಬಿಯಾ, ಮತ್ತೊಮ್ಮೆ ಬಿಕ್ಕಳಿಸಿ, "ನಮ್ಮಮ್ಮ ಪಾತ್ರೆ ತೊಳೀತಿದ್ಲು. ನಾನು ಒಳಗೆ ಕೂತ್ಕೊಂಡು ಹೆಂಗಸರ ಬಿಡುಗಡೆ ಬಗ್ಗೆ ಬರೀತಿದ್ದೆ."

ಒಸ್ಸಿ ಟೋಪಿ ಸರಿಮಾಡಿಕೊಂಡಳು. ನೆರವಾಗಪ್ಪಾ ಎನ್ನುತ್ತಾಳೆಂದು ಜೆನೋಬಿಯಾ ಕಣ್ಣು ಮುಚ್ಚಿದಳು.

"ಹೇಳಮ್ಮಾ!" ಎಂದಳು ಒಸ್ಸಿ.