ಸಮುದ್ರಕ್ಕೆ ಎಳೆ ಇಲ್ಲ

ಬನಹಟ್ಟಿಯ ನೇಕಾರ ಶಂಕರೆಪ್ಪನ ನಕಾಶೆಯ ಕಥೆಯನ್ನು ನಾನು ಇಬ್ಬರಿಂದ ಕೇಳಿದ್ದೇನೆ. ಮೊದಲು ಹೇಳಿದವನು ಅವನ ನೆರೆಯ ಮುತ್ತಣ್ಣ. ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ನಗುತ್ತ ಹೇಳಿದ. ಎರಡನೆಯ ಸಲ ಹೇಳಿದವಳು ಶಂಕರೆಪ್ಪನ ಹೆಂಡತಿ ಶೇವಂತಿ. ತನ್ನ ಮನೆಯಲ್ಲಿ ಕೂತು, ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ, ಕೈ ನಿಲ್ಲಿಸದೆ ಹೇಳಿದಳು. ಇಬ್ಬರ ಮಾತು ಕೂಡದ ಕಡೆ ಶೇವಂತಿಯ ಮಾತನ್ನೇ ಹಿಡಿದಿದ್ದೇನೆ; ಎಳೆ ಎಣಿಸಿದವಳು ಅವಳು.

ಆ ಮನೆಗೆ ಎರಡು ಕೋಣೆ. ಇರುವವರು ಗಂಡ, ಹೆಂಡತಿ, ಮಗ ಸುಭಾಷ್, ಸೊಸೆ, ನಾಲ್ಕು ಮಕ್ಕಳು ಮತ್ತು ಶಂಕರೆಪ್ಪನ ವಿಧವೆ ಅಕ್ಕ. ಆದರೆ ಮನೆಯಲ್ಲಿ ಎಷ್ಟು ಮಂದಿ ಎಂದು ಯಾರು ಕೇಳಿದರೂ ಶಂಕರೆಪ್ಪ, "ಮಗ್ಗ ಹಿಡದು ಹತ್ತು" ಎನ್ನುತ್ತಿದ್ದ. ಅವನ ಅಪ್ಪನೂ ಹಾಗೆಯೇ ಎಣಿಸುತ್ತಿದ್ದನಂತೆ. ಮುಂದಿನ ಕೋಣೆಯ ಅರ್ಧವನ್ನು ಆ ಹತ್ತನೆಯದೇ ಹಿಡಿದಿತ್ತು. ಅದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದು.

ಸುಭಾಷ್ ಪವರ್‌ಲೂಮ್ ಶೆಡ್ಡಿನಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಬೆಳಿಗ್ಗೆ ಬಂದರೆ ಬೆನ್ನು ಚಾಚಲು ಜಾಗವಿಲ್ಲ. ಗುಡಿಯ ಕಟ್ಟೆಯ ಮೇಲೆ ಮಲಗುತ್ತಿದ್ದ. ಕುಣಿ ಮುಚ್ಚಿದರೆ ಮೂವರು ಮಲಗಬಹುದೆಂಬುದು ಅವನ ಲೆಕ್ಕ. ಮಗ್ಗದ ಮೇಲೆ ಹಾಸು ಇರುವತನಕ ಅದನ್ನು ಮುಟ್ಟಬಾರದೆಂಬುದು ಶಂಕರೆಪ್ಪನ ಹಟ. ಹಾಸೆಂದರೆ ಉದ್ದಕ್ಕೆ ಬಿಗಿದ ಎಳೆಗಳು. ಬಟ್ಟೆ ಕೊಯ್ದಾಗಲೂ ನೇಕಾರ ಒಂದು ಗೇಣು ಹಳೆಯ ಹಾಸನ್ನು ಮಗ್ಗದಲ್ಲೇ ಬಿಟ್ಟು, ಹೊಸದರ ತುದಿಗಳನ್ನು ಅದಕ್ಕೆ ಹೊಸೆದು ಕೂಡಿಸುತ್ತಾನೆ. ಹೀಗಾಗಿ ಮಗ್ಗ ಎಂದೂ ಬರಿದಾಗುವುದಿಲ್ಲ. ಆದರೆ ಕೂಡಿಸಲು ಹೊಸ ಹಾಸು ಬಂದು ಎಂಟು ತಿಂಗಳಾಗಿತ್ತು. ದೀಪಾವಳಿಯೊಳಗೆ ಕೆಲಸ ಬಾರದಿದ್ದರೆ ಕುಣಿ ಮುಚ್ಚುವುದೆಂದು ತಂದೆ ಮಗ ಒಪ್ಪಿಕೊಂಡಿದ್ದರು.

ಅಷ್ಟರಲ್ಲಿ ಶಾಲೆಯಲ್ಲಿ ಭೂಗೋಳ ಕಲಿಸುವ ಸ್ನೇಹಾ ಅಕ್ಕಾರು ಬಂದರು. ಕಾಗದದ ನಕಾಶೆಯಲ್ಲಿ ದೇಶದ ದೊಡ್ಡತನ ಕಾಣುತ್ತದೆಯೇ ಹೊರತು ಮಂದಿಯ ಒತ್ತು ಕಾಣುವುದಿಲ್ಲ, ಅದನ್ನು ಬಟ್ಟೆಯಲ್ಲಿ ತೋರಿಸಬೇಕೆಂಬುದು ಅವರ ಆಸೆ. ಹಾಸಿನ ಮತ್ತು ಅಡ್ಡ ಎಳೆಯ ನೂಲನ್ನೂ ಅವರೇ ತಂದಿದ್ದರು.

"ಜಗತ್ತಿನ್ಯಾಗ ಎಂಟುನೂರು ಕೋಟಿ ಮಂದಿ ಅದಾರ, ಅಜ್ಜಾರ. ಕೋಟಿಗೆ ಒಂದು ಅಡ್ಡ ಎಳಿ ಹಾಕ್ರಿ."

"ಅಂದ್ರ ಎಂಟುನೂರು ಎಳಿ. ನಮ್ಮ ದೇಶಕ್ಕ?"

"ನೂರಾ ನಲವತ್ತಾರು."

"ಬನಹಟ್ಟಿಗೆ?"

ಅಕ್ಕಾರು ನಕ್ಕರು. "ರಬಕವಿ ಕೂಡಿಸಿದ್ರೂ ಒಂದು ಎಳಿಯ ನೂರನೇ ಪಾಲು ಆದೀತೋ ಇಲ್ಲೋ."

"ಸಮುದ್ರಕ್ಕ?"

"ಅಲ್ಲಿ ಯಾರಿರ್ತಾರ್ರೀ? ಏನೂ ಬ್ಯಾಡ."

ಶಂಕರೆಪ್ಪ ಹಾಸು ಕೂಡಿಸಿ ಕೂತ. ಶೇವಂತಿ ಎಣಿಸುತ್ತ ಹೋದಳು. ಗಂಗೆಯ ಬಯಲಿನಲ್ಲಿ ಎಳೆಯ ಮೇಲೆ ಎಳೆ ಒತ್ತಿ ಒತ್ತಿ ಅವನ ರಟ್ಟೆ ಸೋತಿತು. ಬಾಂಗ್ಲಾದೇಶಕ್ಕೆ ಹೆಬ್ಬೆಟ್ಟಿನ ಉಗುರಿನಷ್ಟು ಜಾಗ, ಹದಿನೇಳು ಎಳೆ. ಅದನ್ನು ಕೂರಿಸುವಾಗ ಉಗುರೇ ಸೀಳಿತು. ಸಹಾರಾದಲ್ಲಿ, ಸೈಬೀರಿಯಾದಲ್ಲಿ ಗೇಣಿಗೊಂದು ಎಳೆ. ಆಸ್ಟ್ರೇಲಿಯಾಕ್ಕೆ ಮೂರೂ ತುಂಬಲಿಲ್ಲ. ಗ್ರೀನ್‌ಲ್ಯಾಂಡಿನಲ್ಲಿ ಮಂದಿ ಇದ್ದರೂ ಒಂದು ಎಳೆಗೆ ಸಾಲಲಿಲ್ಲ.

ಬೆಳಿಗ್ಗೆ ಪಾಳಿ ಮುಗಿಸಿ ಬಂದ ಸುಭಾಷ್ ನೋಡುತ್ತ ನಿಂತ.

"ಯಪ್ಪಾ, ನಮ್ಮ ಮನಿಯೂ ಬಾಂಗ್ಲಾದೇಶ ಆಗೇತಿ ನೋಡು. ನಡುವ ಈ ಕುಣಿ ಒಂದು ಸಹಾರಾ."

"ಸಹಾರಾದಾಗ ನಾ ಅದೀನಲ್ಲೋ."

"ನಿನ್ನ ಎರಡು ಕಾಲು ಅದಾವ. ಅಷ್ಟ."

ಇಲ್ಲಿ ಎರಡು ಕಥನಗಳು ಬೇರೆಯಾಗುತ್ತವೆ. ನೂಲು ಸಾಲದೆ ಶಂಕರೆಪ್ಪ ಸಮುದ್ರವನ್ನು ನೇಯದೆ ಬಿಟ್ಟನೆಂದು ಮುತ್ತಣ್ಣ ಹೇಳಿದ. ಅದು ಸುಳ್ಳೆಂದು ಶೇವಂತಿ ಸಿಟ್ಟಾದಳು. ಬಿಳಿ ನೂಲು ಬುಟ್ಟಿ ತುಂಬ ಇತ್ತು. ಸಮುದ್ರಕ್ಕೆ ಬಿಳಿ ಎಳೆ ಹಾಕೆಂದು ಅವಳೇ ಹೇಳಿದ್ದಳು. ಶಂಕರೆಪ್ಪ ಒಪ್ಪಲಿಲ್ಲ.

"ಬಿಳೀದು ಅಂದ್ರ ಎಳಿ ಅಲ್ಲೇನ? ಐವತ್ತು ವರ್ಷ ಎಳಿ ಎಣಿಸೇನಿ. ಹಾಕಿದ್ದೆಲ್ಲಾ ಲೆಕ್ಕ. ನೀರಿನ್ಯಾಗ ಮಂದಿ ಕೂರಿಸಿ ಅಕ್ಕಾರಿಗೆ ಸುಳ್ಳು ಹೇಳ್ಲ್ಯಾ?"

ಇಂಥ ತಪ್ಪನ್ನು ಬೇರೆಯವರು ಮಾಡಲಾರರು. ಎಣಿಸದ ಎಳೆಯೊಂದು ಇರಬಹುದೆಂದು ಒಪ್ಪಿಕೊಳ್ಳುವುದು ಅವನಿಂದ ಆಗಲಿಲ್ಲ. ಸಮುದ್ರಗಳೆಲ್ಲ ಬರಿಯ ಹಾಸಾಗಿ ಉಳಿದವು. ಮಗ್ಗದ ಮೇಲೆ ಬಿಗಿಯಾಗಿದ್ದಾಗ ನಕಾಶೆ ಚೆನ್ನಾಗಿಯೇ ಕಂಡಿತು.

ಐವತ್ತಮೂರನೆಯ ದಿನ ಒಂದು ಗೇಣು ಬಿಟ್ಟು ಕೊಯ್ದರು. ಸ್ನೇಹಾ ಅಕ್ಕಾರು ಮೇಲಿನ ಎರಡೂ ಮೂಲೆ ಹಿಡಿದು ಎತ್ತಿದರು. ತಡೆಯಲು ಅಡ್ಡ ಎಳೆ ಇಲ್ಲದ್ದರಿಂದ ದೇಶಗಳು ಹಾಸಿನ ಗುಂಟ ಮೆಲ್ಲಗೆ ಕೆಳಗೆ ಜಾರಿದವು. ಕೆನಡಾ ತನ್ನ ಕೆಳಗಿನ ದೇಶಗಳ ಸಮೇತ ಇಳಿದು ಬ್ರೆಜಿಲ್ ಮೇಲೆ ಕೂತಿತು. ಆಸ್ಟ್ರೇಲಿಯಾ ಕೆಳಗಿನ ಅಂಚಿಗೆ ಬಂದು ಬಿತ್ತು. ಚೀನ, ಭಾರತಗಳಷ್ಟೇ ಹಗ್ಗದ ಗಂಟಿನಂತೆ ಇದ್ದಲ್ಲೇ ನಿಂತವು. ಅಕ್ಕಾರು ಬಟ್ಟೆಯನ್ನು ನೆಲಕ್ಕಿಳಿಸಿದರು.

"ತಪ್ಪು ನಂದ್ರೀ, ಅಜ್ಜಾರ. ಏನೂ ಬ್ಯಾಡ ಅಂದಾಕಿ ನಾನ. ಮತ್ತ ನೂಲು ತರತೇನಿ. ಈ ಸಲ ಸಮುದ್ರಕ್ಕ ಬಿಳೀದು ಹಾಕ್ರಿ."

ಮಗ್ಗದ ಮೇಲಿನ್ನೂ ಒಂದು ಗೇಣು ಹಾಸು ಇತ್ತು. ಹೂಂ ಎಂದಿದ್ದರೆ ಅದಕ್ಕೆ ಹೊಸದನ್ನು ಕೂಡಿಸಬಹುದಿತ್ತು, ಕುಣಿ ಉಳಿಯುತ್ತಿತ್ತು. ಸುಭಾಷ್ ಬಾಗಿಲಲ್ಲೇ ನಿಂತಿದ್ದ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಶಂಕರೆಪ್ಪ ಮಗನ ಕಣ್ಣು ನೋಡಿದ, ತನ್ನ ಸೀಳಿದ ಉಗುರು ನೋಡಿದ.

"ಇನ್ನೊಮ್ಮೆ ಎಂಟುನೂರು ಎಣಸಾಕ ಆಗೂದಿಲ್ಲವ್ವಾ ನನಗ," ಎಂದ. ಕತ್ತರಿ ಕೈಯಲ್ಲೇ ಇತ್ತು. ಉಳಿದ ಗೇಣನ್ನೂ ಕೊಯ್ದ. ಆಮೇಲೆ ಮಗನಿಗೆ, "ಮಣ್ಣು ತರಸೋ" ಎಂದ.

ಸುಭಾಷ್‌ನೇ ತಡೆದನೆಂದು, ಕುಣಿ ಇನ್ನೂ ಇದೆಯೆಂದು ಮುತ್ತಣ್ಣನ ಕಥೆ ಮುಗಿಯುತ್ತದೆ. ಅದು ಹಾಗಲ್ಲ. ನಾನೇ ನೋಡಿದ್ದೇನೆ. ನಾಲ್ಕು ಬಂಡಿ ಮಣ್ಣು ಬಿದ್ದಿದೆ. ಒಂದು ಮಳೆಗಾಲ ಕಳೆದ ಮೇಲೆ ಮಣ್ಣು ಕುಸಿದು ಆ ಜಾಗ ಬಟ್ಟಲಿನಂತೆ ತಗ್ಗಾಗಿದೆ; ಅಲ್ಲಿ ಮಲಗಿದ ಮಕ್ಕಳು ಉರುಳಿ ಉರುಳಿ ನಡುವೆ ಒಂದೇ ರಾಶಿಯಾಗುತ್ತಾರಂತೆ. ದೇಶಗಳನ್ನು ಅಕ್ಕಾರು ಒಂದು ಬಿಳಿ ಚಾದರಿನ ಮೇಲೆ ಹೊಲಿದು ಶಾಲೆಯಲ್ಲಿ ತೂಗುಹಾಕಿದ್ದಾರೆ. ಚಾದರು ಸುಭಾಷ್ ಶೆಡ್ಡಿನಿಂದ ತಂದುಕೊಟ್ಟದ್ದು.

ನಾನು ಹೋದದ್ದು ಮಧ್ಯಾಹ್ನ. ಸುಭಾಷ್ ಆ ತಗ್ಗಿನಲ್ಲಿ ಮುಖಕ್ಕೆ ವಸ್ತ್ರ ಮುಚ್ಚಿ ಮಲಗಿದ್ದ. ಶಂಕರೆಪ್ಪ ಅದರ ಅಂಚಿಗೆ, ಮೊದಲಿನ ಜಾಗದಲ್ಲೇ, ಕಾಲು ಮಡಿಚಲು ಕಲಿಯದವನಂತೆ ಮುಂದಕ್ಕೆ ಚಾಚಿ ಕೂತಿದ್ದ. ಶೇವಂತಿ ಹೇಳಿ ಮುಗಿಸಿದ ಮೇಲೆ, ಕಥೆ ಬರೆದುಕೊಂಡ ಪ್ರತಿ ಮನೆಯಲ್ಲೂ ಕೇಳುವಂತೆ, ಮನೆಯಲ್ಲಿ ಎಷ್ಟು ಮಂದಿ ಎಂದು ಅವನನ್ನು ಕೇಳಿದೆ.

ಅವನು "ಒಂಬತ್ತು" ಎಂದ.

ನಾನು ಬರೆಯುತ್ತಿದ್ದೆ. ವಸ್ತ್ರದೊಳಗಿಂದ, ಮುಖ ತೆರೆಯದೆ, ಸುಭಾಷ್ ಹೇಳಿದ:

"ಹತ್ತು ಅಂತ ಬರಕೋರಿ."