ದರ್ಜಿಗಳೂ ಕನ್ನಡಕಗಳೂ

ಮೆಟ್ಟಿಲ ಮೇಲೆ ಅಟೆಂಡರನ ಚಪ್ಪಲಿ, ಚಟ್ ಚಟ್, ಇಳಿಯುತ್ತಿದೆ, ಅವನ ಕೈಯಲ್ಲಿ ನಾನೀಗ ಸಹಿ ಹಾಕಿಕೊಟ್ಟ ದೂರು, ಹೋಗಲಿ, ಮುಗಿಯಿತು, ಇನ್ನೊಂದು ತರಗತಿಯ ನಲವತ್ತು ಉತ್ತರಪತ್ರಿಕೆ ಉಳಿದಿವೆ, ಕನ್ನಡಕ ತೆಗೆದರೆ ಅಕ್ಷರವಿಲ್ಲ, ಹಾಕಿದರೆ ತಲೆನೋವು — ಮೂವತ್ತು ವರ್ಷದಿಂದ ಇದೇ ತರ್ಕಶಾಸ್ತ್ರ, ಇದೇ ಪ್ರಶ್ನೆ, ಎಲ್ಲ ದರ್ಜಿಗಳೂ ಕನ್ನಡಕ ಹಾಕುವವರು, ಚಿತ್ರ ಬರೆಯಿರಿ, ಎಡಗಡೆ ದರ್ಜಿಗಳ ವೃತ್ತ, ಬಲಗಡೆ ಕನ್ನಡಕದವರ ವೃತ್ತ, ನಡುವೆ ಒಂದರ ಮೇಲೊಂದು, ಕನ್ನಡಕವಿಲ್ಲದ ದರ್ಜಿ ಇಲ್ಲವಲ್ಲ, ಹಾಗಾಗಿ ಎಡಗಡೆಯ ಹೋಳಿನ ಮೇಲೆ ಗೆರೆ ಎಳೆಯಬೇಕು, ಗೆರೆ ಎಳೆದರೆ ತುಂಬಿದೆ ಅಂತಲ್ಲ ಕಣ್ರೇ, ಅಲ್ಲಿ ಯಾರೂ ಇಲ್ಲ ಅಂತ, ಗಂಟಲು ಹರಿದುಕೊಂಡು ಎಷ್ಟು ಸಲ ಹೇಳಿದ್ದೇನೆ. ಎಲ್ಲರೂ ಗುಬ್ಬಿ ಅಂತ ಕರೆಯುವ ಆ ಪುಟ್ಟ ಹುಡುಗಿ ಬಲಗಡೆಯ ಹೋಳಿನ ಮೇಲೆ ಎಳೆದಿದ್ದಾಳೆ, ಪಕ್ಕ ಕೂತ ಗೆಳತಿಯೂ ಬಲಗಡೆಗೇ, ಇಡೀ ತರಗತಿಯಲ್ಲಿ ಇವರಿಬ್ಬರೇ, ಅದೇ ಓರೆ ಗೆರೆ, ಏಳೇ ಏಳು, ಎಣಿಸಿದೆ. ನಕಲು ಮಾಡಿದವರ ತಪ್ಪು ಒಂದೇ ಥರ ಇರುತ್ತದೆ, ಇವರ ತಪ್ಪು ಒಂದೇ ಥರ ಇದೆ, ಅಂದಮೇಲೆ — ಪ್ರಿನ್ಸಿಪಾಲರು ಮೇಜು ಕುಟ್ಟಿದರು, ಇನ್ನೇನ್ ಪುರಾವೆ ಬೇಕು ಮೇಡಂ, ಬರ್ದುಕೊಡಿ, ಒಂದು ವರ್ಷ ಇಬ್ರೂ ಪರೀಕ್ಷೆಗೆ ಕೂರೋ ಹಾಗಿಲ್ಲ. ಗುಬ್ಬಿ ಇದೇ ಕುರ್ಚಿಯ ಮುಂದೆ ನಿಂತು, ನಾನು ಯಾರದ್ದೂ ನೋಡ್ಲಿಲ್ಲ ಮಿಸ್, ನೀವು ಹೇಳ್ಕೊಟ್ಟ ಹಾಗೇ ಬರ್ದೆ, ಅಂದಳು, ತಲೆ ತಗ್ಗಿಸಿದಳು, ಸಾಕು ಹೋಗಮ್ಮ ಅಂದೆ.

ತಲೆ ತಗ್ಗಿಸಿದ್ದೆ ನಾನೂ, ಒಂಬತ್ತು ವರ್ಷ ಆಗ, ಅತ್ತೆಯ ಬಳೆ ಕಾಣೆಯಾಗಿತ್ತು, ಅಪ್ಪ, ಕದ್ದವರೇ ಹೀಗೆ ತಲೆ ತಗ್ಗಿಸೋದು ಅಂತ ಕೆನ್ನೆಗೆ ಬಿಟ್ಟರು, ಬಳೆ ಸೋಫಾದ ಸಂದಿಯಲ್ಲಿ ಸಿಕ್ಕಿತು, ಯಾರೂ ನನಗೆ ಒಂದು ಮಾತು ಹೇಳಲಿಲ್ಲ, ಅದಕ್ಕೇ ಅಲ್ಲವೇ ಈ ಹಾಳು ಶಾಸ್ತ್ರ ಓದಿದ್ದು, ಕಳ್ಳರೆಲ್ಲ ತಲೆ ತಗ್ಗಿಸಿದರೂ ತಲೆ ತಗ್ಗಿಸಿದವರೆಲ್ಲ ಕಳ್ಳರಲ್ಲ ಅಂತ ಚಿತ್ರ ಬರೆದು ತೋರಿಸೋದಕ್ಕೆ — ಹಾಗಾದರೆ ಇವತ್ತಿನ ಸಹಿ? ಥೂ, ನಾಚಿಕೆಯಾಗಬೇಕು ನನಗೆ. ನೀವು ಹೇಳ್ಕೊಟ್ಟ ಹಾಗೇ ಅಂದಳಲ್ಲ, ನಾನು ಯಾವಾಗ ಹಾಗೆ — ಬಸ್ ಮುಷ್ಕರದ ದಿನ, ನಡೆದುಕೊಂಡು ತರಗತಿಗೆ ಬಂದವರು ಇಬ್ಬರೇ, ಅವರೇ, ಆಸ್ಪತ್ರೆಯಿಂದ ಅಕ್ಕನ ಫೋನು, ಎಡಗೈಯಲ್ಲಿ ಅದು, ಬಲಗೈಯಲ್ಲಿ ಸೀಮೆಸುಣ್ಣ, ಅಮ್ಮನಿಗೆ ಉಸಿರಾಡೋಕೇ ಆಗ್ತಿಲ್ಲ ಕಣೇ ಅಂತಿದ್ದಾಳೆ, ನನ್ನ ಕೈ ಅದರ ಪಾಡಿಗೆ ಅದು ಗೆರೆ ಎಳೆಯುತ್ತಿದೆ, ಬಲಗಡೆ, ಅಯ್ಯೋ, ಬಲಗಡೆಯ ಹೋಳಿನ ಮೇಲೆ, ಏಳು. ಮಾರನೆಯ ದಿನ ಮುಂದಿನ ಪಾಠ, ಉಳಿದವರು ಪುಸ್ತಕ ನೋಡಿ ಸರಿಯಾಗಿ ಕಲಿತರು, ನನ್ನ ನಂಬಿದ್ದು ಇವರಿಬ್ಬರು.

ಚಪ್ಪಲಿ ಕೊನೆಯ ಮೆಟ್ಟಿಲಿಗೆ ಬಂದಿದೆ, ನಿಲ್ಲಪ್ಪಾ ಅನ್ನಬೇಕು, ಅಂದರೆ ತಪ್ಪು ನಂದೇ ಅಂತ ಪ್ರಿನ್ಸಿಪಾಲರ ಮುಂದೆ ಬಾಯಿ ಬಿಡಬೇಕು, ಸಾಕಾಗಿದೆ, ಕೂತಲ್ಲೇ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೇನೆ, ಗುಬ್ಬಿಯ ಹಾಳೆಯಲ್ಲಿ ಆ ಬಲಗಡೆಯ ಹೋಳು, ಕನ್ನಡಕ ಹಾಕಿದ, ದರ್ಜಿಯಲ್ಲದವರ ಜಾಗ, ನಾನಿರುವ ಜಾಗ, ಅದರ ಮೇಲೆ ಏಳು ಗೆರೆ, ಅಲ್ಲಿ ಯಾರೂ ಇಲ್ಲ ಅಂತ