ಸ್ಮಶಾನದ ಎದುರಿನ ಜಿಗಿತ

ಆಸ್ಟ್ರಿಯಾದ ಟಿರೋಲ್ ನಾಡಿಗೇ ರಾಜಧಾನಿ ಎಂದು ಮೆರೆಯುವ ನಮ್ಮ ಇನ್ಸ್‌ಬ್ರುಕ್‌ನಲ್ಲಿ ಗುಡ್ಡದ ಮೇಲೆ ಸ್ಕೀ ಜಿಗಿತದ, ಅಂದರೆ ಹಿಮದಲ್ಲಿ ಜಾರಿ ಬಂದು ಗಾಳಿಗೆ ಹಾರುವ ಆಟದ, ಇಳಿಜಾರು ಕಟ್ಟಿದ ಮಹಾನುಭಾವರಿಗೆ ಬೇರೆ ಜಾಗವೇ ಸಿಗಲಿಲ್ಲ. ಮೇಲಿಂದ ಹಾರುವವರ ಕಣ್ಣಿಗೆ ನೇರವಾಗಿ ಬೀಳುವುದು ವಿಲ್ಟೆನ್ ಸ್ಮಶಾನ. ನನ್ನ ಮಗಳು ಲಾಡಿನಾ ಅಲ್ಲಿಂದ ಮೊದಲ ಸಲ ಹಾರುವ ದಿನ, ಅತ್ತೆ ನೋಟ್‌ಬುರ್ಗಾ ಮಾವನ ಸಮಾಧಿಯ ಮುಂದೆ ಇಳಿಜಾರಿಗೆ ಬೆನ್ನು ಹಾಕಿ ಕೂತರು. ನಾನೂ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತೆ.

ಗುಡ್ಡದಿಂದ ಚಪ್ಪಾಳೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ನನ್ನ ಫೋನ್ ರಿಂಗಾಯಿತು. ಅತ್ತೆಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ಅಮ್ಮಾ, ಬೀಳದೇ ಇಳಿದೆ! ಮೇಲಿಂದ ಅಜ್ಜಿ ಬೆನ್ನು ಕಾಣಿಸ್ತು!”

“ಮುಂದೆ ನೋಡು ಅಂದ್ರೆ ಸ್ಮಶಾನ ನೋಡ್ತಾಳೆ, ಕತ್ತೆ!” ಎಂದು ಅತ್ತೆ ಕಣ್ಣೊರೆಸಿಕೊಂಡರು.

ಆಮೇಲೆ ಸಮಾಧಿಗೆ ದೀಪ ಹಚ್ಚಿ ಮಾವನಿಗೆ ಹೇಳಿದರು:

“ಕೇಳಿಸ್ತೇನ್ರೀ? ನಿಮ್ಮ ಜೊತೆಗೆ ಇವತ್ತು ಯಾರೂ ಬರಲ್ಲ. ಒಬ್ಬರೇ ಇರಿ.”